407ರ ಆಯಿಲ್ ಸೋರಿಕೆಯ ಮೂಲ ಸಿಕ್ಕಿತು

ಮಾರ್ಚ್ 9, 2025, ಭಾನುವಾರ
ತೀರ್ಥಹಳ್ಳಿ

ಬೆಳಗ್ಗೆ ಬಿಸಿಲೇರುವ ಮೊದಲೇ ನಮ್ಮ ಟಾಟಾ 407 ಲಾರಿಯ ಎಂಜಿನ್ ತೊಳೆಯಲು ಕುಳಿತೆವು. ಆಲ್ಟರ್ನೇಟರ್‌ಗೂ ಸ್ಟಾರ್ಟರ್‌ಗೂ ಪ್ಲಾಸ್ಟಿಕ್ ಕಟ್ಟಿ, ಡೀಸೆಲ್ ಮತ್ತು ಬ್ರಷ್ ಹಿಡಿದು, ಬ್ಲಾಕಿನ ಮೇಲೆ ಬೆರಳಿನ ದಪ್ಪಕ್ಕೆ ಕೂತಿದ್ದ ಕಪ್ಪು ಜಿಡ್ಡನ್ನು ಕೆರೆದು ತೆಗೆದೆವು. ಕೆಳಗೆ ಹಳೆಯ ತಗಡಿನ ತಟ್ಟೆ ಇಟ್ಟು ಕೊಳೆಯನ್ನೆಲ್ಲ ಹಿಡಿದುಕೊಂಡೆವು. ನಮ್ಮ ಅಂಗಳದ ನೀರು ನೇರವಾಗಿ ತೋಟದ ಕಪ್ಪಿಗೆ (ಬಸಿಗಾಲುವೆಗೆ) ಹೋಗುತ್ತದೆ, ಅಲ್ಲಿಂದ ಹಳ್ಳಕ್ಕೆ. ಅದರಲ್ಲಿ ಎಂಜಿನ್ ಆಯಿಲ್ ಸೇರುವುದನ್ನು ನಾನು ಸಹಿಸಲಾರೆ. ಸುಗ್ಗಿಯ ಹೊತ್ತಿನಲ್ಲಿ ಅಡಿಕೆ ಒಣಗಿಸುವ ಜಾಗದಲ್ಲೇ ಲಾರಿಯ ಕಲೆ ಬಿದ್ದಾಗಿನಿಂದ ಈ ಸೋರಿಕೆ ನನ್ನ ನಿದ್ದೆ ಕೆಡಿಸಿತ್ತು.

ಗಾಡಿ 1998ರದ್ದು. ಟಾಟಾ 407 ಮೊದಲು ರಸ್ತೆಗಿಳಿದದ್ದು 1986ರಲ್ಲಿ. ಮಲೆನಾಡಿನ ಕಿರಿದಾದ ತೋಟದ ದಾರಿಗಳಿಗೆ ಇಷ್ಟು ಚೆನ್ನಾಗಿ ಒಗ್ಗಿದ ಇನ್ನೊಂದು ಲಾರಿಯನ್ನು ನಾನು ಕಂಡಿಲ್ಲ. ಇದರಲ್ಲಿರುವುದು ಟರ್ಬೋ ಇಲ್ಲದ ಹಳೆಯ 497 ಎಂಜಿನ್: ನಾಲ್ಕು ಸಿಲಿಂಡರ್, 97 ಮಿಲಿಮೀಟರ್ ಬೋರ್, 2956 ಸಿಸಿ. ಗೊಬ್ಬರ, ದರಕು (ಒಣ ಎಲೆ), ಅಡಿಕೆ ಮೂಟೆ, ಯಾವುದಕ್ಕೂ ಇದುವರೆಗೆ ಇಲ್ಲ ಎಂದಿಲ್ಲ. ಹೀಗಿರುವ ಗಾಡಿಯನ್ನು ಗುಜರಿಗೆ ಹಾಕಿ ಎಂಬ ಮಾತು ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಸೋರಿಕೆಯ ಕಥೆ ಕಳೆದ ಮಳೆಗಾಲದ್ದು. ಮೊದಲು ಚೇಂಬರಿನ, ಅಂದರೆ ಎಂಜಿನ್ನಿನ ತಳದ ಆಯಿಲ್ ತೊಟ್ಟಿಯ, ಅಂಚಿನಲ್ಲಿ ತೊಟ್ಟಿಕ್ಕಿತು. ಚೇಂಬರ್ ಪ್ಯಾಕಿಂಗ್ ಬದಲಾಯಿತು. ಕೆಲವು ದಿನ ಒಣಗಿದ್ದು, ಆಮೇಲೆ ಬೆಲ್ ಹೌಸಿಂಗಿನ (ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕ್ಲಚ್ ಕೂರುವ ಗೂಡಿನ) ತಳದ ತೂತಿನಿಂದ ಇಳಿಯತೊಡಗಿತು. ಪೇಟೆಯ ವರ್ಕ್‌ಶಾಪ್ ಒಂದರಲ್ಲಿ ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ದಂಡದ) ಹಿಂದಿನ ಆಯಿಲ್ ಸೀಲ್ ಹೋಗಿದೆ ಎಂದರು. ಗೇರ್ ಬಾಕ್ಸ್ ಇಳಿಸಿ ಹೊಸ ಸೀಲ್ ಕೂರಿಸಿದರು. ಆಯಿಲ್ ಕುಡಿದು ಜಾರುತ್ತಿದ್ದ ಕ್ಲಚ್ ಪ್ಲೇಟನ್ನೂ ಬದಲಿಸಿದರು. ಸೀಲಿನ ಬೆಲೆಗಿಂತ ಗೇರ್ ಬಾಕ್ಸ್ ಇಳಿಸಿ ಏರಿಸುವ ಕೂಲಿಯೇ ದೊಡ್ಡದು. ಸುಗ್ಗಿ ಮುಗಿಯುವ ಮೊದಲೇ ಅದೇ ತೂತಿನಿಂದ ಮತ್ತೆ ಹನಿ.

ಹಾಗಾಗಿ ಈ ಸಲ ತೀರ್ಮಾನ ಮಾಡಿದ್ದೆ: ಎಲ್ಲಿಂದ ಬರುತ್ತಿದೆ ಎಂದು ಕಣ್ಣಾರೆ ಕಾಣುವ ತನಕ ಒಂದು ಬೋಲ್ಟನ್ನೂ ಬಿಚ್ಚುವುದಿಲ್ಲ. ನಮ್ಮೂರಿನ ಹಿರಿಯ ಮೇಸ್ತ್ರಿಯೊಬ್ಬರು ಬಂದಿದ್ದರು. ಅವರು ಮೊದಲು ಮಾಡಿದ್ದು ತೂತಿನಿಂದ ಬಿದ್ದ ಹನಿಯನ್ನು ಬೆರಳಲ್ಲಿ ತೀಡಿ ಮೂಸಿ ನೋಡಿದ್ದು. ಗೇರ್ ಆಯಿಲ್‌ಗೆ ಗಂಧಕದ ಗಾಟು ವಾಸನೆ ಇರುತ್ತದೆ, ಇದಕ್ಕೆ ಇರಲಿಲ್ಲ. ಕಪ್ಪಾಗಿ ತೆಳ್ಳಗಿದ್ದ ಅದು ಎಂಜಿನ್ ಆಯಿಲ್ಲೇ. ಡಿಪ್ ಸ್ಟಿಕ್ ನೋಡಿದೆವು. ಮಟ್ಟ ಇಳಿದಿತ್ತು, ಡೀಸೆಲ್ ಬೆರೆತ ಲಕ್ಷಣವೂ ಇರಲಿಲ್ಲ.

ತೊಳೆದ ಎಂಜಿನ್ ಪೂರ್ತಿ ಒಣಗಿದ ಮೇಲೆ ಅದರ ಮೈಗೆಲ್ಲ ಟಾಲ್ಕಂ ಪೌಡರ್ ಉದುರಿಸಿದೆವು. ಚೇಂಬರಿನ ಅಂಚು, ಬ್ಲಾಕಿನ ಹಿಂಭಾಗ, ಆಯಿಲ್ ಫಿಲ್ಟರಿನ ಬುಡ, ಎಂಜಿನ್ನಿನ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರಿನ ಸುತ್ತ. ಆಮೇಲೆ ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಟ್ಟೆವು. ಮಲೆನಾಡಿನ ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ: ನೀರು ತೊಟ್ಟಿಕ್ಕುವ ಜಾಗ ಒಂದು, ಹಂಚು ಒಡೆದ ಜಾಗ ಇನ್ನೊಂದು, ನಡುವೆ ರೀಪಿನ ಮೇಲೆ ಹರಿದ ದಾರಿ. ಎಂಜಿನ್ನಿನ ಮೇಲೂ ಆಯಿಲ್ ಕೆಳಕ್ಕೆ ಹರಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ.

ಕ್ಯಾಬಿನ್ನಿನ ಒಳಗಿನ ಎಂಜಿನ್ ಮುಚ್ಚಳ ತೆಗೆದು, ಟಾರ್ಚ್ ಹಿಡಿದು, ಹಿಂಭಾಗಕ್ಕೆ ಸಣ್ಣ ಕನ್ನಡಿ ತೂರಿಸಿದೆವು. ಬಿಳಿಯ ಪೌಡರಿನ ಮೇಲೆ ಕಪ್ಪು ಗೆರೆಯೊಂದು ಮೂಡುತ್ತಿರುವುದು ಸ್ಪಷ್ಟವಾಗಿ ಕಂಡಿತು. ಅದು ಹೊರಟದ್ದು ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ. ಅಲ್ಲಿಂದ ಬ್ಲಾಕಿನ ಬೆನ್ನಗುಂಟ ಇಳಿದು ಬೆಲ್ ಹೌಸಿಂಗಿನ ಸಂದಿಗೆ ಸೇರುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಅದು ಹಿಂದಿನ ಸೀಲಿನ ಸೋರಿಕೆಯಂತೆಯೇ ಕಾಣುತ್ತದೆ.

ಕವರಿನ ಪ್ಯಾಕಿಂಗ್ ಬದಲಿಸಿದರೆ ಆಯಿತು ಎಂದುಕೊಳ್ಳುವಷ್ಟರಲ್ಲಿ ಮೇಸ್ತ್ರಿ ತಡೆದರು. ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿದ್ದಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಆ ಬಾಯಿಗೆ ತೆಳು ಪ್ಲಾಸ್ಟಿಕ್ ಕವರ್ ಹಿಡಿದರು. ಅದು ಕ್ಷಣದಲ್ಲಿ ಊದಿ ಬಿಗಿಯಾಯಿತು. ಇಷ್ಟು ಒತ್ತಡ ಒಳಗಿದ್ದರೆ ಯಾವ ಪ್ಯಾಕಿಂಗ್ ತಾನೇ ನಿಲ್ಲುತ್ತದೆ?

ಸಿಲಿಂಡರಿನಲ್ಲಿ ಉರಿದ ಅನಿಲದಲ್ಲಿ ಒಂದಿಷ್ಟು ಪಿಸ್ಟನ್ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ದಾಟಿ ಕೆಳಗಿನ ಕ್ರ್ಯಾಂಕ್ ಕೇಸಿಗೆ ಇಳಿದೇ ಇಳಿಯುತ್ತದೆ. ರಿಂಗ್ ಸವೆದ ಹಳೆಯ ಎಂಜಿನ್ನಿನಲ್ಲಿ ಹೆಚ್ಚು. ಅದು ಹೊರಹೋಗಲು ಇರುವ ದಾರಿ ಬ್ರೀದರ್. ಆ ದಾರಿ ಮುಚ್ಚಿದರೆ ಒಳಗಿನ ಒತ್ತಡ ಏರಿ, ಎಲ್ಲಿ ದುರ್ಬಲವೋ ಅಲ್ಲಿಂದ ಆಯಿಲನ್ನು ಹೊರಕ್ಕೆ ನೂಕುತ್ತದೆ. ಚೇಂಬರ್ ಬಿಗಿಯಾದಾಗ ಮೇಲಿನ ಕವರ್ ಸೋಲುತ್ತದೆ, ಕವರ್ ಬಿಗಿ ಮಾಡಿದರೆ ಸೀಲ್ ಸೋಲುತ್ತದೆ. ಮಳೆಗಾಲದಿಂದ ನಮ್ಮ ಗಾಡಿಗೆ ಆಗುತ್ತಿದ್ದುದು ಇದೇ.

ಬ್ರೀದರಿನ ಹೋಸ್ ಬಿಚ್ಚಿದರೆ ಅದು ತೋಟಕ್ಕೆ ಬಳಸುವ ನೀರಿನ ಪೈಪಿನ ತುಂಡು! ಯಾವುದೋ ಕಾಲದಲ್ಲಿ ಯಾರೋ ತುರ್ತಿಗೆ ಹಾಕಿದ್ದಿರಬೇಕು. ಬಿಸಿಗೂ ಆಯಿಲ್ ಹಬೆಗೂ ಮೆತ್ತಗಾಗಿ, ತಿರುವಿನಲ್ಲಿ ಒಳಗಿನಿಂದ ಕುಸಿದು ಅಂಟಿಕೊಂಡಿತ್ತು. ಉಳಿದ ಸಂದಿಯಲ್ಲಿ ತೇವ ಮತ್ತು ಆಯಿಲ್ ಬೆರೆತ ಕೆನೆಯಂಥ ಮಡ್ಡಿ. ಅದನ್ನು ತೆಗೆದ ಕೂಡಲೇ ಮತ್ತೆ ಪ್ಲಾಸ್ಟಿಕ್ ಹಿಡಿದು ನೋಡಿದೆವು. ಸಡಿಲವಾಗಿ ಅಲುಗಾಡಿತೇ ಹೊರತು ಊದಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಅಡುಗೆಮನೆಯಲ್ಲಿದ್ದ ಅಮ್ಮನನ್ನು ಕರೆತಂದು ತೋರಿಸಿದೆ.

ಟ್ಯಾಪೆಟ್ ಕವರನ್ನೂ ಇಳಿಸಿದೆವು. ಕಾರ್ಕ್ ಪ್ಯಾಕಿಂಗ್ ಹಪ್ಪಳದಂತೆ ಗಟ್ಟಿಯಾಗಿ ಹಿಂದಿನ ಮೂಲೆಯಲ್ಲಿ ಸೀಳಿತ್ತು. ಸೋರಿಕೆ ನಿಲ್ಲಲೆಂದು ಅತಿಯಾಗಿ ಬಿಗಿದಿದ್ದರಿಂದ ಬೋಲ್ಟಿನ ಸುತ್ತ ಅಂಚು ಕುಸಿದಿತ್ತು. ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ತಟ್ಟಿ ಸಮ ಮಾಡಿದೆವು. ಪ್ಯಾಕಿಂಗಿಗೆ ಬಳಿದಿದ್ದ ಹಳೆಯ ಪೇಸ್ಟನ್ನು ಚೂರೂ ಒಳಗೆ ಬೀಳದಂತೆ ಕೆರೆದೆವು. ಪೇಸ್ಟನ್ನು ಧಾರಾಳವಾಗಿ ಬಳಿಯುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಒಳಕ್ಕೆ ಉಬ್ಬಿದ ಪೇಸ್ಟ್ ತುಂಡಾಗಿ ಚೇಂಬರಿಗೆ ಬಿದ್ದು ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂತರೆ ಬೇರಿಂಗುಗಳಿಗೆ ಆಯಿಲ್ ಏರುವುದಿಲ್ಲ. ಹನಿ ನಿಲ್ಲಿಸಲು ಹೋಗಿ ಎಂಜಿನ್ನನ್ನೇ ಕಳೆದುಕೊಳ್ಳಬೇಕಾಗುತ್ತದೆ.

ನಾಳೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಿಂದ ಹೊಸ ಪ್ಯಾಕಿಂಗ್ ಮತ್ತು ಆಯಿಲ್ ತಾಳುವ ನೈಟ್ರೈಲ್ ಹೋಸ್ ತರಬೇಕು. ಬಸ್ಸಿನಲ್ಲೇ ಹೋಗುತ್ತೇನೆ.

ಮಾರ್ಚ್ 16, 2025, ಭಾನುವಾರ

ಸೋಮವಾರ ಸಂಜೆಯೇ ಜೋಡಣೆ ಮುಗಿಯಿತು. ಬ್ರೀದರಿನ ಜಾಲರಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಹೋಸನ್ನು ಎಲ್ಲೂ ತಗ್ಗು ಬೀಳದಂತೆ ಕೆಳಮುಖವಾಗಿ ಕಟ್ಟಿದೆವು. ತಗ್ಗಿದ್ದರೆ ಅಲ್ಲಿ ತೇವ ನಿಂತು ಮತ್ತೆ ಮಡ್ಡಿ ಕಟ್ಟುತ್ತದೆ. ಕವರಿನ ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಬಿಗಿದೆವು.

ಗುರುವಾರ ಗೊಬ್ಬರ ತರಲು ಮಂಡಗದ್ದೆಯ ಮೇಲೆ ಶಿವಮೊಗ್ಗಕ್ಕೆ ಹೋಗಿ, ತುಂಬಿದ ಲೋಡಿನೊಂದಿಗೆ ವಾಪಸಾದೆ. ರಾತ್ರಿ ಬೆಲ್ ಹೌಸಿಂಗಿನ ಕೆಳಗೆ ಹಾಸಿದ್ದ ಪತ್ರಿಕೆ ಬೆಳಗ್ಗೆ ಒಣಗಿಯೇ ಇತ್ತು. ನಿನ್ನೆಯೂ ಹಾಗೆಯೇ. ಹಾಗಾದರೆ ಹಿಂದಿನ ಸೀಲ್ ಗಟ್ಟಿಯಾಗಿದೆ, ಅದನ್ನು ಮುಟ್ಟಬೇಕಾಗಿಲ್ಲ. ಡ್ರೈನ್ ಬೋಲ್ಟಿನ ಬುಡ ಮಾತ್ರ ಸ್ವಲ್ಪ ಜಿನುಗುತ್ತಿದೆ. ಹೊಸ ತಾಮ್ರದ ವಾಷರ್ ತಂದಿಟ್ಟಿದ್ದೇನೆ, ಆಯಿಲ್ ಬದಲಿಸುವಾಗ ಹಾಕಿದರಾಯಿತು.

ಉಳಿದದ್ದು ರಿಂಗುಗಳ ಪ್ರಶ್ನೆ. ಹೊಸ ಹೋಸಿನ ತುದಿಯಿಂದ ಬರುವ ಹೊಗೆ ಇಷ್ಟು ವಯಸ್ಸಿನ ಎಂಜಿನ್ನಿಗೆ ಸಹಜ ಎನ್ನುತ್ತಾರೆ ಮೇಸ್ತ್ರಿ. ಆದರೂ ನಾಲ್ಕೂ ಸಿಲಿಂಡರಿನ ಕಂಪ್ರೆಶನ್ (ಪಿಸ್ಟನ್ ಒತ್ತಿದಾಗ ಒಳಗೆ ಏರುವ ಒತ್ತಡ) ಅಳೆದು ಬರೆದಿಟ್ಟುಕೊಳ್ಳುವುದು ಒಳ್ಳೆಯದೆಂದು ನಾನು ಹೇಳಿದೆ. ಅವರು ಗೇಜ್ ಹಿಡಿದುಕೊಂಡು ಏಪ್ರಿಲ್ ಮೊದಲ ವಾರ ಬರುತ್ತಾರೆ.