ಪಿತ್ತ ಅಂದರು, ಕುತ್ತಿಗೆ ಅಂದರು

ಒಗ್ಗರಣೆಗೆ ಸಾಸಿವೆ ಹಾಕಿ ನಿಂತಿದ್ದೆ. ಕಾದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು, ಎರಡು ನಿಮಿಷ ಆಗಿಲ್ಲ, ಅಡುಗೆಮನೆ ಎಡಕ್ಕೆ ವಾಲಿತು. ದೋಣಿಯಲ್ಲಿ ನಿಂತ ಹಾಗೆ. ಗ್ಯಾಸ್ ಆರಿಸಿ, ಕಟ್ಟೆ ಹಿಡಿದುಕೊಂಡು ಮೆಲ್ಲಗೆ ನೆಲದ ಮೇಲೆ ಕೂತೆ. ತಲೆ ನೋವು ಇರಲೇ ಇಲ್ಲ. ನನಗೆ ಭಯ ಆಗಿದ್ದು ಅದಕ್ಕೇ.

ಅರೆತಲೆನೋವು ನನಗೆ ಕಾಲೇಜು ದಿನಗಳಿಂದ ಇದೆ. ಅದು ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಲ್ಲಾ ಗೊತ್ತು. ಈಗ ನನಗೆ 46. ಎರಡು ವರ್ಷದಿಂದ ಮುಟ್ಟು ಒಮ್ಮೆ 22 ದಿನಕ್ಕೆ ಬರುತ್ತದೆ, ಇನ್ನೊಮ್ಮೆ 50 ದಿನ ಆದರೂ ಇಲ್ಲ. ತಲೆನೋವು ಜಾಸ್ತಿ ಆಯಿತು, ಜೊತೆಗೆ ಈ ತಲೆಸುತ್ತು. ಮನೆಯವರು ಪಿತ್ತ ಅಂದರು, ಏಕಾದಶಿ ಉಪವಾಸ ಬಿಡು ಅಂದರು. ಒಂದು ಕಡೆ ಕುತ್ತಿಗೆ ಎಕ್ಸ್‌ರೇ ತೆಗೆಸಿ, ಸ್ಪಾಂಡಿಲೈಟಿಸ್ ಅಂತ ಹೇಳಿ ಕಾಲರ್ ಕೊಟ್ಟರು. ಮೂರು ವಾರ ಅದನ್ನು ಹಾಕಿಕೊಂಡು ಓಡಾಡಿದೆ. ಮುಟ್ಟು ಹೇಗಿದೆ ಅಂತ ಅಲ್ಲಿ ಯಾರೂ ಕೇಳಲಿಲ್ಲ, ಅದರ ಬಗ್ಗೆ ನನಗೆ ಈಗಲೂ ಬೇಜಾರಿದೆ.

ಗೊತ್ತಾಗಿದ್ದು ಗೋಡೆಯ ಕ್ಯಾಲೆಂಡರ್‌ನಿಂದ. ಹಾಲಿನ ಲೆಕ್ಕ ಬರೆಯುವ ಅದೇ ಕ್ಯಾಲೆಂಡರ್‌ನಲ್ಲಿ ತಲೆಸುತ್ತು ಬಂದ ದಿನ ಒಂದು ಸುತ್ತು, ನೋವು ಬಂದ ದಿನ ಒಂದು ಗೀಟು, ಮುಟ್ಟಾದ ದಿನ ಕೆಂಪು ಚುಕ್ಕೆ ಹಾಕುತ್ತಾ ಬಂದೆ. ನಾಲ್ಕು ತಿಂಗಳಲ್ಲಿ ಬಹಳಷ್ಟು ಸುತ್ತುಗಳು ಕೆಂಪು ಚುಕ್ಕೆಯ ಅಕ್ಕಪಕ್ಕದಲ್ಲೇ ಇದ್ದವು.

ಹಾಳೆಗಳನ್ನು ಹರಿದುಕೊಂಡು ಬೇರೆ ಡಾಕ್ಟರ ಹತ್ತಿರ ಹೋದೆ. ಅವರು ಮೊದಲು ನನ್ನ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಸರಕ್ಕನೆ ಹಿಂದಕ್ಕೆ ಮಲಗಿಸಿ, ಕಣ್ಣನ್ನೇ ನೋಡುತ್ತಾ ಕೂತರು. ಒಳಕಿವಿಯ ಸಣ್ಣ ಹರಳು ಜಾಗ ಬಿಟ್ಟಿದ್ದರೆ ಹಾಗೆ ಮಲಗಿಸಿದಾಗ ಕಣ್ಣುಗುಡ್ಡೆ ಕುಣಿಯುತ್ತದಂತೆ. ಆ ತೊಂದರೆಯೂ ಈ ವಯಸ್ಸಿನ ಹೆಂಗಸರಲ್ಲಿ ಜಾಸ್ತಿ, ಅದಕ್ಕೆ ತಲೆ ತಿರುಗಿಸಿ ಮಾಡುವ ಚಿಕಿತ್ಸೆಯೇ ಬೇರೆ ಇದೆ. ನನ್ನ ಕಣ್ಣು ಕುಣಿಯಲಿಲ್ಲ. ಬಿಪಿ, ರಕ್ತ, ಥೈರಾಯ್ಡ್ ಎಲ್ಲಾ ನೋಡಿದ ಮೇಲೆ ಹೇಳಿದರು: ವೆಸ್ಟಿಬ್ಯುಲರ್ ಮೈಗ್ರೇನ್, ಅಂದರೆ ತಲೆಸುತ್ತು ತರುವ ಅರೆತಲೆನೋವು.

ತಲೆ ನೋಯದೆಯೂ ಮೈಗ್ರೇನ್ ಬರಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ನೋವಿನ ದಾರಿಯೂ ಸಮತೋಲನದ ದಾರಿಯೂ ಮೆದುಳಿನಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ, ಹಾಗಾಗಿ ಕೆಲವೊಮ್ಮೆ ಬರೀ ಸುತ್ತು. ಐದು ನಿಮಿಷ ಇರಬಹುದು, 72 ಗಂಟೆ ಇರಬಹುದು. ಮುಟ್ಟು ನಿಲ್ಲುವ ಮುಂಚಿನ ಈ ವರ್ಷಗಳಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನ್ ಒಂದೇ ಸಮನೆ ಇಳಿಯುವುದಿಲ್ಲ, ಏರುತ್ತದೆ, ಧೊಪ್ ಅಂತ ಬೀಳುತ್ತದೆ, ಮತ್ತೆ ಏರುತ್ತದೆ, ಮೈಗ್ರೇನ್ ಇರುವವರ ಮೆದುಳಿಗೆ ಆ ಬೀಳುವಿಕೆಯನ್ನೇ ತಡೆದುಕೊಳ್ಳಲು ಆಗುವುದಿಲ್ಲ. ಒಂದು ದಿನದ ಹಾರ್ಮೋನ್ ಟೆಸ್ಟ್ ಇದನ್ನು ತೋರಿಸಲ್ಲ, ಸುಮ್ನೆ ದುಡ್ಡು ಖರ್ಚು ಮಾಡಬೇಡಿ ಅಂದರು.

ನಾನು ಮಾಡುತ್ತಿದ್ದ ತಪ್ಪೂ ಸಿಕ್ಕಿತು. ತಿಂಗಳಿಗೆ 15 ದಿನಕ್ಕಿಂತ ಜಾಸ್ತಿ ನೋವಿನ ಮಾತ್ರೆ ನುಂಗುತ್ತಿದ್ದೆ. ಹಾಗೆ ಮೂರು ತಿಂಗಳು ದಾಟಿದರೆ ಮಾತ್ರೆಯೇ ತಲೆನೋವು ತರಬಹುದು. ಅದನ್ನು ನಿಲ್ಲಿಸಿದ ಮೊದಲ ಹತ್ತು ದಿನ ನರಕ. ಈಗ ದಿನಾ ರಾತ್ರಿ ತಡೆಯುವ ಮಾತ್ರೆ ಒಂದು ಇದೆ, ಪೂಜೆ ಮುಗಿಯುವವರೆಗೆ ಹೊಟ್ಟೆ ಖಾಲಿ ಬಿಡುವುದನ್ನು ಬಿಟ್ಟೆ, ನಿದ್ದೆಯ ಹೊತ್ತು ತಪ್ಪಿಸುವುದಿಲ್ಲ.

ಒಂದು ಮಾತು ದಯವಿಟ್ಟು ಕೇಳಿ. ನೋವಿಗೆ ಮುಂಚೆ ಕಣ್ಣ ಮುಂದೆ ಅಂಕುಡೊಂಕು ಬೆಳಕು ಕಾಣುವವರು ಗರ್ಭನಿರೋಧಕ ಮಾತ್ರೆಗೋ ಹಾರ್ಮೋನ್ ಚಿಕಿತ್ಸೆಗೋ ಮುಂಚೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯಿಂದ ಅಂಥವರಿಗೆ ಪಾರ್ಶ್ವವಾಯುವಿನ ಅಪಾಯ ಹೆಚ್ಚು. ಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ, ಹಿಂದೆಂದೂ ಕಾಣದಂಥ ನೋವು ಒಮ್ಮೆಲೇ ಬಂದರೆ ಕ್ಯಾಲೆಂಡರ್ ಗೀಚುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ.

ಅಮ್ಮನೂ ಹೀಗೇ ಹಣೆಗೆ ಒದ್ದೆ ಬಟ್ಟೆ ಬಿಗಿದು ಕತ್ತಲೆ ಕೋಣೆಯಲ್ಲಿ ಮಲಗುತ್ತಿದ್ದಳು. ಅಮ್ಮನಿಗೆ ಪಿತ್ತ ಅಂತ ನಾವು ಮಕ್ಕಳು ಆಚೆ ಆಡಿಕೊಳ್ಳುತ್ತಿದ್ದೆವು. ಹೋದ ವಾರ ಫೋನಿನಲ್ಲಿ ಕೇಳಿದೆ, ಆಗ ಗೋಡೆ ತಿರುಗುತ್ತಿತ್ತಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ತಿರುಗ್ತಿತ್ತು ಕಣೇ. ಮುಟ್ಟು ನಿಂತು ಒಂದೆರಡು ವರ್ಷಕ್ಕೆ ತಾನೇ ಹೋಯ್ತು. ನೀನೇ ಮೊದಲು ಕೇಳಿದ್ದು."