ಎಲೀಸಳ ಸಂಗೀತ ಪೆಟ್ಟಿಗೆ: ಕೆಲಸ ಎಲ್ಲಿಗೆ ಬಂದಿದೆ

1980ರಲ್ಲಿ ತೆರೆಕಂಡ ‘ಸಂವೇರ್ ಇನ್ ಟೈಮ್’ ಚಿತ್ರದಲ್ಲಿ ಸ್ವಲ್ಪ ಹೊತ್ತು ಮಾತ್ರ ಕಾಣಿಸಿಕೊಳ್ಳುವ, ಹೋಟೆಲಿನ ಆಕಾರದ ಸಂಗೀತ ಪೆಟ್ಟಿಗೆಯೊಂದನ್ನು ನನ್ನದೇ ರೀತಿಯಲ್ಲಿ ಮರದಲ್ಲಿ ಕಟ್ಟುವ ಕೆಲಸವನ್ನು ಈ ಮಳೆಗಾಲದ ಆರಂಭದಲ್ಲಿ ಕೈಗೆತ್ತಿಕೊಂಡಿದ್ದೆ. ಪೀಠವೂ ಜಗಲಿಯ ಕಂಬಗಳೂ ಮುಗಿದಿವೆ, ಕಾಗದದ ಪಟ್ಟಿಯಲ್ಲಿ ಹಾಡಿನ ಮೊದಲ ಭಾಗ ನುಡಿಯುತ್ತಿದೆ, ಚಾವಣಿ ಮತ್ತು ಬಣ್ಣ ಬಾಕಿ ಇವೆ.

ಚಿತ್ರವನ್ನು ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1972ರಲ್ಲಿ ಯುವ ನಾಟಕಕಾರ ರಿಚರ್ಡ್ ಕಾಲಿಯರ್‌ನ ಕೈಗೆ ಅಪರಿಚಿತ ವೃದ್ಧೆಯೊಬ್ಬಳು ಹಳೆಯ ಜೇಬುಗಡಿಯಾರವನ್ನಿತ್ತು, ತನ್ನ ಬಳಿಗೆ ಮರಳಿ ಬರುವಂತೆ ಹೇಳಿ ಹೊರಟುಹೋಗುತ್ತಾಳೆ. ಎಂಟು ವರ್ಷಗಳ ನಂತರ ಸರೋವರದ ದಡದ ಹೋಟೆಲೊಂದರಲ್ಲಿ ಅವನು ಎಲೀಸ್ ಮೆಕೆನಾ ಎಂಬ ರಂಗನಟಿಯ ಹಳೆಯ ಭಾವಚಿತ್ರವನ್ನು ಕಂಡು ಮನಸೋಲುತ್ತಾನೆ. ಆ ವೃದ್ಧೆ ಇವಳೇ ಎಂದು ತಿಳಿದ ಮೇಲೆ, ಯಾವ ಯಂತ್ರದ ನೆರವೂ ಇಲ್ಲದೆ, ಸ್ವಸಮ್ಮೋಹನದ ಬಲದಿಂದ 1912ಕ್ಕೆ ಹೋಗಿ ಅವಳನ್ನು ಸೇರುತ್ತಾನೆ. ಜೇಬಿನಲ್ಲಿ ಹೇಗೋ ಉಳಿದಿದ್ದ 1979ರ ಒಂದು ಸೆಂಟ್ ನಾಣ್ಯ ಕಣ್ಣಿಗೆ ಬಿದ್ದೊಡನೆ ಅವನು ತನ್ನ ಕಾಲಕ್ಕೆ ಎಳೆಯಲ್ಪಡುತ್ತಾನೆ. ರಿಚರ್ಡ್ ಮ್ಯಾಥೆಸನ್ ತಮ್ಮದೇ ಕಾದಂಬರಿಯಿಂದ ಚಿತ್ರಕಥೆ ಬರೆದರು, ಜಾನೊ ಶ್ವಾರ್ಕ್ ನಿರ್ದೇಶಿಸಿದರು, ಕ್ರಿಸ್ಟೋಫರ್ ರೀವ್ ಮತ್ತು ಜೇನ್ ಸೀಮೋರ್ ನಟಿಸಿದರು.

ಈ ಚಿತ್ರದ ಅಭಿಮಾನಿಗಳಲ್ಲಿ ಹೆಚ್ಚಿನವರು ಆ ಗಡಿಯಾರವನ್ನೇ ನೆನೆಯುತ್ತಾರೆ. ಅವನು ಅದನ್ನು 1912ಕ್ಕೆ ಒಯ್ಯುತ್ತಾನೆ, ಅದು ಅವಳಲ್ಲಿ ಉಳಿಯುತ್ತದೆ, ಅರವತ್ತು ವರ್ಷಗಳ ಬಳಿಕ ಅವಳು ಅವನಿಗೇ ಕೊಡುತ್ತಾಳೆ. ಆದ್ದರಿಂದ ಅದನ್ನು ಮಾಡಿದವರೇ ಯಾರೂ ಇಲ್ಲ. ಒಗಟಾಗಿ ಅದು ಸೊಗಸಾಗಿದೆ. ಆದರೆ ನನ್ನ ಮನಸ್ಸನ್ನು ಹಿಡಿದದ್ದು ಸಂಗೀತ ಪೆಟ್ಟಿಗೆ. ಅದೇ ಹೋಟೆಲಿನ ಆಕಾರದಲ್ಲಿ ಎಲೀಸ್ ತನಗಾಗಿ ಮಾಡಿಸಿಟ್ಟುಕೊಂಡಿದ್ದ ಪೆಟ್ಟಿಗೆ ಅದು. ತೆರೆದರೆ ಇಟಲಿಯ ಪಿಟೀಲುವಾದಕ ಪಗನೀನಿಯ ಸ್ವರವಾಕ್ಯವನ್ನು ಆಧರಿಸಿದ, ರಷ್ಯಾದ ಸಂಯೋಜಕ ರಾಕ್ಮನಿನಾಫ್‌ರ ‘ರಾಪ್ಸಡಿ’ ಎಂಬ ಪಿಯಾನೊ-ವಾದ್ಯವೃಂದ ಕೃತಿಯ ಹದಿನೆಂಟನೆಯ ಭಾಗ ನುಡಿಯುತ್ತದೆ. ರಾಕ್ಮನಿನಾಫ್ ಆ ಕೃತಿಯನ್ನು ರಚಿಸಿದ್ದು 1934ರಲ್ಲಿ, ಅದರ ಮೊದಲ ಪ್ರದರ್ಶನ ನಡೆದದ್ದು ಅದೇ ವರ್ಷದ ನವೆಂಬರಿನಲ್ಲಿ, ಬಾಲ್ಟಿಮೋರ್‌ನಲ್ಲಿ. ಎಲೀಸ್ ಅದನ್ನು ಕೇಳಿದ್ದು 1912ರಲ್ಲಿ, ರಿಚರ್ಡ್ ಗುನುಗಿದಾಗ. ರಾಕ್ಮನಿನಾಫ್‌ರನ್ನು ಅವಳು ಬಲ್ಲಳು, ಮತ್ತು ಇದು ಇತಿಹಾಸಕ್ಕೂ ಹೊಂದುವ ಮಾತು: 1909ರ ನವೆಂಬರಿನಲ್ಲಿ ಅವರು ನ್ಯೂಯಾರ್ಕಿನಲ್ಲಿ ತಮ್ಮ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು (ವಾದ್ಯವೃಂದದೊಡನೆ ಪಿಯಾನೊ ನುಡಿಸುವ ಕೃತಿ) ಸ್ವತಃ ನುಡಿಸಿದ್ದರು. ಈ ರಾಗವನ್ನು ಮಾತ್ರ ಅವಳು ಎಂದೂ ಕೇಳಿಲ್ಲ, ಕೇಳಿರಲು ಸಾಧ್ಯವೂ ಇಲ್ಲ.

ಹಾಗಾದರೆ 1912ರಿಂದ 1934ರವರೆಗೆ, ಆ ಇಪ್ಪತ್ತೆರಡು ವರ್ಷಗಳ ಕಾಲ, ಈ ರಾಗವನ್ನು ಬಲ್ಲವಳು ಲೋಕದಲ್ಲಿ ಅವಳೊಬ್ಬಳೇ. ಅದನ್ನು ರಚಿಸಬೇಕಾದವರಿಗೂ ಅದು ಇನ್ನೂ ಹೊಳೆದಿರಲಿಲ್ಲ. ಒಂದು ದಿನ ಯಾವುದೋ ಸಭಾಂಗಣದಲ್ಲಿಯೋ ರೇಡಿಯೊದಲ್ಲಿಯೋ ಅದು ಅವಳ ಕಿವಿಗೆ ಬಿದ್ದಿರಲೇಬೇಕು. ಪ್ರಿಯಕರನು ಕನಸಲ್ಲ, ಅವನು ಬಂದ ಕಾಲ ಇನ್ನು ಮುಂದಿದೆ ಎಂಬುದಕ್ಕೆ ಅವಳಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಈ ದೃಶ್ಯವನ್ನು ಚಿತ್ರ ತೋರಿಸುವುದಿಲ್ಲ. ಪೆಟ್ಟಿಗೆಯನ್ನು ಮಾತ್ರ ಮುಂದಿಟ್ಟು ಸುಮ್ಮನಾಗುತ್ತದೆ. ಪ್ರೇಮ ಕಾಲವನ್ನು ದಾಟಿ ಬಾಳುವುದನ್ನು ಈ ಚಿತ್ರ ತೋರಿಸುವುದು ಅವನ ಪಯಣಕ್ಕಿಂತ ಹೆಚ್ಚಾಗಿ ಅವಳ ಕಾಯುವಿಕೆಯಲ್ಲಿ ಎಂದು ನನಗೆ ಬಲವಾಗಿ ಅನಿಸುತ್ತದೆ.

ಈ ಯೋಚನೆಯೇ ಹಾಡಿನ ರೂಪವನ್ನು ನಿರ್ಧರಿಸಿತು. ಮೂಲದಲ್ಲಿ ಪಿಯಾನೊ ಮೊದಲು ಒಂಟಿಯಾಗಿ ಹಾಡಿ, ಆಮೇಲೆ ಇಡೀ ವಾದ್ಯವೃಂದ ಅದನ್ನು ಎತ್ತಿಕೊಳ್ಳುತ್ತದೆ. ಅದನ್ನೆಲ್ಲ ಚಿಕ್ಕ ಯಂತ್ರದಲ್ಲಿ ತುಂಬಲು ಹೋಗದೆ, ಎಲೀಸ್ ಕೇಳಿದಂತೆ, ಅಂದರೆ ಒಬ್ಬ ಮನುಷ್ಯ ಗುನುಗಿದಂತೆ, ಒಂದೇ ಎಳೆಯ ರಾಗವನ್ನು ಇಟ್ಟುಕೊಂಡು ಕೆಳಗೆ ಕೆಲವೇ ಆಧಾರ ಸ್ವರಗಳನ್ನು ಸೇರಿಸಿದ್ದೇನೆ. ಈ ಭಾಗದ ಹುಟ್ಟೂ ಸ್ವಾರಸ್ಯಕರವಾದುದು. ಪಗನೀನಿಯ ಒಂಟಿ ಪಿಟೀಲಿನ ಕಿರುಕೃತಿಯಾದ ಇಪ್ಪತ್ನಾಲ್ಕನೆಯ ಕಪ್ರೀಸ್‌ನ ಸ್ವರವಾಕ್ಯವನ್ನು ರಾಕ್ಮನಿನಾಫ್ ತಲೆಕೆಳಗಾಗಿಸಿದರು: ಅಲ್ಲಿ ಏರಿದಲ್ಲೆಲ್ಲ ಇಲ್ಲಿ ಇಳಿಯುತ್ತದೆ, ಇಳಿದಲ್ಲಿ ಏರುತ್ತದೆ, ಪಾಶ್ಚಾತ್ಯ ಸಂಗೀತದ ವಿಷಾದದ ಛಾಯೆಯ ಮೈನರ್ ಸ್ವರಶ್ರೇಣಿ ಇದ್ದದ್ದು ಉಲ್ಲಾಸದ ಮೇಜರ್ ಆಗುತ್ತದೆ. ಚುರುಕಾದ, ತುಸು ಕಟುವಾದ ವಾಕ್ಯವೊಂದು ಇಷ್ಟರಿಂದಲೇ ಪ್ರೇಮಗೀತೆಯಾಯಿತು. ಮ್ಯಾಥೆಸನ್‌ರ ಕಾದಂಬರಿಯಲ್ಲಿ ಈ ಸ್ಥಾನ ಆಸ್ಟ್ರಿಯದ ಸಂಯೋಜಕ ಮಾಲರ್‌ರ ಸಂಗೀತಕ್ಕಿತ್ತು. ಚಿತ್ರದಲ್ಲಿ ರಾಕ್ಮನಿನಾಫ್ ಬಂದದ್ದೇ ಒಳ್ಳೆಯದಾಯಿತು.

ನಾನು ಬಳಸುತ್ತಿರುವುದು ಕೈಯಿಂದ ಹಿಡಿಕೆ ತಿರುಗಿಸುವ, ತೂತು ಕೊರೆದ ಕಾಗದದ ಪಟ್ಟಿಯನ್ನು ಓದುವ ಮೂವತ್ತು ಸ್ವರಗಳ ಯಂತ್ರ. ರಾಗದ ಮೂಲ ಶ್ರುತಿ ಡಿ ಫ್ಲಾಟ್ ಮೇಜರ್. ಯಂತ್ರದ ಉಕ್ಕಿನ ಹಲ್ಲುಗಳು ಸಿ ಮೇಜರ್‌ಗೆ ಹೊಂದಿಕೊಂಡಿರುವುದರಿಂದ ಇಡೀ ಹಾಡನ್ನು ಅರ್ಧ ಸ್ವರ ಇಳಿಸಿ ಬರೆದುಕೊಂಡೆ. ಸಿ ಸ್ವರವನ್ನು ಷಡ್ಜವೆಂದುಕೊಂಡರೆ, ಕೆಳ ಸ್ಥಾಯಿಯಲ್ಲಿ ಷಡ್ಜ, ರಿಷಭ, ಪಂಚಮ, ಧೈವತ, ನಿಷಾದಗಳಿವೆ, ಗಾಂಧಾರ ಮತ್ತು ಮಧ್ಯಮಗಳಿಲ್ಲ. ಮಧ್ಯಮದ ಆಧಾರ ಬೇಕಾದಲ್ಲೆಲ್ಲ ಅದನ್ನು ಮಧ್ಯ ಸ್ಥಾಯಿಗೆ ಏರಿಸಬೇಕಾಗುತ್ತದೆ, ಆಗ ಅದು ರಾಗದ ಎಳೆಗೆ ತಾಗದಂತೆ ಒಂದು ಮಾತ್ರೆ ತಡವಾಗಿ ಬರುವಂತೆ ನೋಡಿಕೊಳ್ಳಬೇಕು. ಒಂದೇ ಸ್ವರದ ಎರಡು ತೂತುಗಳು ತೀರಾ ಹತ್ತಿರವಿದ್ದರೆ ಎರಡನೆಯದು ನುಡಿಯುವುದಿಲ್ಲ, ಏಕೆಂದರೆ ಹಲ್ಲನ್ನು ಮೀಟುವ ಚಕ್ರಕ್ಕೆ ಮತ್ತೆ ಸಜ್ಜಾಗಲು ಅಷ್ಟು ಎಡೆ ಬೇಕು. ಈ ರಾಗ ನಿಧಾನಗತಿಯದಾದ್ದರಿಂದ ಆ ತೊಂದರೆ ಅಷ್ಟಾಗಿ ಕಾಡಲಿಲ್ಲ. ಸ್ಪ್ರಿಂಗಿನ ಯಂತ್ರವನ್ನು ಬಿಟ್ಟು ಹಿಡಿಕೆಯದನ್ನು ಆರಿಸಿದ್ದಕ್ಕೆ ಕಾರಣವೂ ಇದೇ: ರಾಗ ತುತ್ತತುದಿಗೆ ಏರುವಲ್ಲಿ ಕೈ ತಾನಾಗಿ ನಿಧಾನವಾಗುತ್ತದೆ, ಸ್ಪ್ರಿಂಗ್ ಹಾಗೆ ತಡೆದು ನಿಲ್ಲಲಾರದು.

ಪಟ್ಟಿಯ ಎರಡು ತುದಿಗಳನ್ನು ಅಂಟಿಸಿ ಉಂಗುರ ಮಾಡಿದರೆ ಹಾಡು ಕೊನೆಯಿಲ್ಲದೆ ಸುತ್ತುತ್ತದೆ. ಕೆಲವು ಗೆಳೆಯರು ಅದನ್ನೇ ಸೂಚಿಸಿದರು, ಚಿತ್ರದ ಗಡಿಯಾರಕ್ಕೂ ಅದು ಹೊಂದುತ್ತದೆ ಎಂದರು. ನಾನು ಒಪ್ಪಲಿಲ್ಲ. ಗಡಿಯಾರಕ್ಕೆ ಆದಿಯಿಲ್ಲ, ಹಾಡಿಗಾದರೋ ರಚಿಸಿದವರಿದ್ದಾರೆ, ಪೆಟ್ಟಿಗೆಗೆ ಮಾಡಿಸಿದವಳಿದ್ದಾಳೆ. ಪಟ್ಟಿಗೆ ಮೊದಲೂ ಕೊನೆಯೂ ಇರಲಿ.

ಇನ್ನು ಮರಗೆಲಸ. ಚಿತ್ರೀಕರಣ ನಡೆದದ್ದು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಹ್ಯೂರಾನ್ ಸರೋವರದ ಮ್ಯಾಕಿನಾ ದ್ವೀಪದಲ್ಲಿರುವ ಗ್ರ್ಯಾಂಡ್ ಹೋಟೆಲಿನಲ್ಲಿ. ಕಾದಂಬರಿಯ ಕಥೆ ಕ್ಯಾಲಿಫೋರ್ನಿಯಾದ ಹೋಟೆಲೊಂದರಲ್ಲಿ, 1896ರಲ್ಲಿ ನಡೆಯುತ್ತದೆ. ಮ್ಯಾಕಿನಾದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಮೋಟಾರು ವಾಹನಗಳಿಗೆ ನಿಷೇಧವಿರುವುದರಿಂದ ಇಂದಿಗೂ ಬೀದಿಗಳಲ್ಲಿ ಕುದುರೆಗಾಡಿಗಳೇ ಓಡಾಡುತ್ತವೆ. ಹಳೆಯ ಕಾಲವನ್ನು ತೋರಿಸಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 1887ರಲ್ಲಿ ತೆರೆದ ಆ ಹೋಟೆಲಿನ ಜಗಲಿ 660 ಅಡಿ ಉದ್ದವಿದೆ. ಐನೂರರಲ್ಲಿ ಒಂದರ ಅಳತೆಗೆ ಇಳಿಸಿದಾಗ ಅದು 40 ಸೆಂಟಿಮೀಟರ್ ಆಗುತ್ತದೆ, ಮೇಜಿನ ಮೇಲೆ ಇಡಲು ಇದು ಸರಿಯಾದ ಗಾತ್ರ. ಗೋಡೆಗಳಿಗೆ ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರವನ್ನು ತರಿಸಿದ್ದೇನೆ. ಬಿಳುಪಾದ, ನವಿರಾದ ಈ ಮರ ಚಿಕ್ಕ ಕಿಟಕಿಗಳನ್ನು ಕೊರೆಯುವಾಗಲೂ ಸೀಳುವುದಿಲ್ಲ. ಕಂಬಗಳಿಗೆ ಊದುಬತ್ತಿ ಹೊಸೆಯಲು ಬಳಸುವ ಬಿದಿರಿನ ಕಡ್ಡಿಗಳು ಅಳತೆಗೆ ಹೇಳಿ ಮಾಡಿಸಿದಂತೆ ಒದಗಿದವು. ಒಂದೇ ದಪ್ಪದ ಕಡ್ಡಿಗಳನ್ನು ಆರಿಸಿ, ಮರಳು ಕಾಗದದಿಂದ ಉಜ್ಜಿ, ರಂಧ್ರ ಕೊರೆದ ಪಟ್ಟಿಯಲ್ಲಿ ಸಾಲಾಗಿ ನಿಲ್ಲಿಸಿದ್ದೇನೆ.

ಯಂತ್ರವನ್ನು ಕೈಯಲ್ಲಿ ಹಿಡಿದು ನುಡಿಸಿದರೆ ಸದ್ದು ಬಹಳ ಕ್ಷೀಣ. ತೆಳುವಾದ ಹಲಗೆಗೆ ಸ್ಕ್ರೂಗಳಿಂದ ಬಿಗಿದೊಡನೆ ಅದೇ ಸ್ವರ ಕೋಣೆಯ ಇನ್ನೊಂದು ಮೂಲೆಗೂ ಕೇಳುತ್ತದೆ. ಆದ್ದರಿಂದ ಪೀಠವನ್ನು ಟೊಳ್ಳಾಗಿ ಮಾಡಿ, ಕೆಳಗೆ ನಾಲ್ಕು ಗಿಡ್ಡ ಕಾಲುಗಳನ್ನಿಟ್ಟು, ಧ್ವನಿ ಜಗಲಿಯ ಕೆಳಗಿನಿಂದ ಹೊರಬರುವಂತೆ ಮಾಡಿದ್ದೇನೆ. ಹಿಡಿಕೆಯ ಗುಂಡನ್ನು ಚನ್ನಪಟ್ಟಣದ ಕುಶಲಕರ್ಮಿಯೊಬ್ಬರು ಲೇತ್ ಮೇಲೆ ಕಡೆದು ಕೊಟ್ಟಿದ್ದಾರೆ. ತಿರುಗುವ ಮರಕ್ಕೆ ಅರಗಿನ ಕೋಲನ್ನು ಒತ್ತಿದಾಗ ಉಜ್ಜಿದ ಬಿಸಿಗೇ ಅರಗು ಕರಗಿ ಹರಡುವುದನ್ನು ನೋಡುತ್ತ ನಿಂತದ್ದು ಈ ಕೆಲಸದಲ್ಲಿ ನನಗೆ ದೊರೆತ ದೊಡ್ಡ ಸಂತೋಷಗಳಲ್ಲಿ ಒಂದು. ಚಪ್ಪಟೆ ಗೋಡೆಗಳಿಗೆ ಆ ವಿಧಾನ ಒಗ್ಗದು, ಅವಕ್ಕೆ ಬಿಳಿಯ ಬಣ್ಣವನ್ನು ತೆಳುವಾಗಿ ಬಳಿಯಬೇಕು.

ಮುಂದಿನ ಕೆಲಸ ಹಾಡಿನ ಎರಡನೆಯ ಭಾಗಕ್ಕೆ ತೂತು ಕೊರೆಯುವುದು. ವಾದ್ಯವೃಂದ ಸೇರಿಕೊಳ್ಳುವ ಆ ಎತ್ತರದ ಜಾಗದಲ್ಲಿ ರಾಗವನ್ನು ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ನುಡಿಸಬೇಕೇ, ಒಂದೇ ಎಳೆಯಲ್ಲಿ ಉಳಿಸಬೇಕೇ ಎಂಬುದನ್ನು ಎರಡು ಪ್ರತ್ಯೇಕ ಪಟ್ಟಿಗಳನ್ನು ಮಾಡಿ ಕೇಳಿಯೇ ತೀರ್ಮಾನಿಸುತ್ತೇನೆ. ಚಾವಣಿಯನ್ನು ಅದಾದ ಮೇಲೆ ಕೂರಿಸುತ್ತೇನೆ, ಏಕೆಂದರೆ ಒಮ್ಮೆ ಅಂಟಿಸಿದರೆ ಯಂತ್ರವನ್ನು ಹೊರತೆಗೆಯಲು ಆಗದು.