ಕೊಳೆ ಔಷಧಿಯ ಡ್ರಮ್ಮಿಗೆ ಅರಿಸಿನದ ಚೀಟಿ

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಮುಂಗಾರು ಹಿಡಿಯುವ ಮೊದಲೇ ಕೊಳೆ ಔಷಧಿ ಹೊಡೆಸಿಬಿಡಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. 1910ರ ಹೊತ್ತಿಗೆ ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಇದೇ ಬೋರ್ಡೋ ದ್ರಾವಣ ಹೇಳಿಕೊಟ್ಟರು. ಅದಕ್ಕೆ ಮೊದಲು ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುವುದೇ ಗತಿ. ಈ ಲೆಕ್ಕ ನಮಗೆಲ್ಲ ಬಾಯಿಪಾಠ.

ಮೂರು ವರ್ಷದ ಹಿಂದೆ ಅದೇ ಲೆಕ್ಕ ಕೈಕೊಟ್ಟಿತು. ತೂಕ ಸರಿಯಿತ್ತು, ಸುಣ್ಣ ಸರಿಯಿರಲಿಲ್ಲ. ಅಂಗಡಿಯಲ್ಲಿ ಚೀಲ ಬಿಚ್ಚಿ ಎಷ್ಟು ದಿನವಾಗಿತ್ತೋ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಅದರ ಕಸುವೇ ಹೋಗಿತ್ತು. ಡ್ರಮ್ಮಿನಲ್ಲಿ ಹುಳಿ ಉಳಿಯಿತು. ಹರಳುಗಳ, ಎಂದರೆ ಎಳೆಯ ಅಡಿಕೆ ಕಾಯಿಗಳ, ಮೇಲೆ ಸುಟ್ಟ ಕಲೆ ಕಂಡಿತು, ಆಮೇಲೆ ಮರದ ಬುಡದಲ್ಲೆಲ್ಲ ಹರಳು. ಒಂದೊಂದನ್ನೇ ಹೆಕ್ಕಿ ಸೆರಗಿಗೆ ಹಾಕಿಕೊಳ್ಳುತ್ತ ಅತ್ತಿದ್ದೇನೆ.

ಹಳಬರಿಗೆ ಕತ್ತಿಯ ಪರೀಕ್ಷೆ ಗೊತ್ತಿತ್ತು. ತಿಕ್ಕಿ ಬೆಳಗಿದ ಕತ್ತಿಯನ್ನು ದ್ರಾವಣದಲ್ಲಿ ತುಸು ಹೊತ್ತು ಅದ್ದಿ ತೆಗೆದಾಗ ಅಲಗಿಗೆ ಕೆಂಪು ಲೇಪ ಹತ್ತಿದ್ದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಎಂದರ್ಥ. ಆದರೆ ಸುಣ್ಣ ಹೆಚ್ಚಾದರೆ ಕತ್ತಿ ಏನೂ ಹೇಳುವುದಿಲ್ಲ. ಹೆಚ್ಚಾದರೂ ನಷ್ಟವೇ: ತಾಮ್ರ ಬೇಗ ಬಿಟ್ಟುಕೊಡುವುದಿಲ್ಲ, ನಾಜಲ್ ಕಟ್ಟುತ್ತದೆ.

ಆ ಬದಿಯನ್ನು ತೋರಿಸಿಕೊಟ್ಟವರು ನಮ್ಮ ಅತ್ತೆ. ಆರತಿ ತಟ್ಟೆಯ ನೀರಿಗೆ ಅರಿಸಿನ ಹಾಕಿ, ಬೆರಳ ತುದಿಯಷ್ಟು ಸುಣ್ಣ ಕದಡಿದರೆ ಹಳದಿ ನೀರು ಕೆಂಪಾಗುವುದನ್ನು ನಾವು ಹುಟ್ಟಿದಾಗಿನಿಂದ ನೋಡಿದ್ದೇವೆ. ಪಿಎಚ್ (ಹುಳಿ-ಕ್ಷಾರದ ಅಳತೆ) ಏಳೂವರೆಯ ಆಸುಪಾಸು ದಾಟುತ್ತಿದ್ದಂತೆ ಅರಿಸಿನ ಕೆಂಪಿಗೆ ತಿರುಗುತ್ತದೆ, ಎಂದರೆ ಸುಣ್ಣ ಹೆಚ್ಚಾಗಿದೆ. ಅರಿಸಿನ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಚೀಟಿಗಳು ಈಗ ನನ್ನ ಡಬ್ಬಿಯಲ್ಲಿ ಸದಾ ಇರುತ್ತವೆ, ಅಂಗಡಿಯ ಪಿಎಚ್ ಕಾಗದದ ಜೊತೆಗೆ.

ಕಾಗದವನ್ನು ನೇರವಾಗಿ ಡ್ರಮ್ಮಿಗೆ ಅದ್ದಬಾರದು. ನೀಲಿ ಗಷ್ಟು ಮೆತ್ತಿಕೊಂಡು ಯಾವ ಬಣ್ಣವೂ ತಿಳಿಯುವುದಿಲ್ಲ. ಒಂದು ಗಾಜಿನ ಲೋಟಕ್ಕೆ ತೆಗೆದು ಸುಮ್ಮನೆ ಬಿಡಿ. ನೀಲಿ ನಿಧಾನವಾಗಿ ತಳಕ್ಕಿಳಿಯುತ್ತದೆ, ಮೇಲೆ ಬೆರಳಗಲ ತಿಳಿ ನಿಲ್ಲುತ್ತದೆ. ಆ ತಿಳಿಯಲ್ಲೇ ನೀಲಿ ಛಾಯೆಯಿದ್ದರೆ ಕಾಗದವೂ ಬೇಡ, ಸುಣ್ಣ ಸಾಲದೆಂದು ಅಲ್ಲೇ ತಿಳಿಯಿತು. ತಿಳಿ ನೀರಿನಂತಿದ್ದರೆ ಅರಿಸಿನದ ಚೀಟಿಯ, ಪಿಎಚ್ ಕಾಗದದ ತುದಿಯನ್ನು ಅದರಲ್ಲಿ ಅದ್ದಿ, ಬಿಳಿಯ ಬಟ್ಟಲಿನ ಮೇಲಿಟ್ಟು ನೋಡುತ್ತೇನೆ.

ಪಿಎಚ್ ಅಳತೆಯನ್ನು 1909ರಲ್ಲಿ ಕೊಟ್ಟವರು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್ಸೆನ್. ಏಳು ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು. ಏಳಿರಬೇಕಾದಲ್ಲಿ ಐದಿದ್ದರೆ ‘ಎರಡೇ ಕಡಿಮೆ’ ಎಂದು ಬಿಡುವಂತಿಲ್ಲ, ಅದು ನೂರು ಪಟ್ಟು. ನನ್ನ ಹರಳು ಉದುರಿದ್ದು ಈ ‘ಎರಡರಿಂದ’ ಎಂದು ಈಗ ನಂಬಿದ್ದೇನೆ.

ಈ ಸಲ ಎರಡನೆಯ ಡ್ರಮ್ಮಿನಲ್ಲಿ ಪಿಎಚ್ ಕಾಗದ ಹಳದಿ ತೋರಿತು. ಆ ಕಾಗದದಲ್ಲಿ ಹಳದಿಯೆಂದರೆ ಹುಳಿ, ಹಸಿರೆಂದರೆ ಏಳರ ಆಸುಪಾಸು. ಸುಣ್ಣದ ಹಾಲು ಒಂದು ಚೊಂಬು ಹುಯ್ದು ಕಲಕಿದೆ. ಆಗುಂಬೆಯ ಕಡೆಯಿಂದ ಮೋಡ ಕಟ್ಟುತ್ತಿತ್ತು. ‘ಅಮ್ಮಾ, ಮಳೆ ಬಂದರೆ ಮರ ಜಾರುತ್ತದೆ’ ಎಂದು ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಬುಡದಲ್ಲೇ ನಿಂತು ಆಕಾಶ ನೋಡಿದ. ಲೋಟ ತಿಳಿಯಾಗುವವರೆಗೆ ಇಬ್ಬರೂ ಕಾದೆವು. ಪಿಎಚ್ ಕಾಗದ ಹಸಿರಾಯಿತು. ‘ಇನ್ನು ಮರ ಹತ್ತು’ ಎಂದೆ.